ಮಣ್ಣು ಕೊಟ್ಟ ಮೇಲೆ ಕೆಮ್ಮಿದವಳು

"ನಾವು ನೆನದ್ರ ನಡೀತದ, ಮಷಿನ್ ನೆನೀಬಾರ್ದು," ಎನ್ನುತ್ತ ಅಮರ ಪ್ಲಾಸ್ಟಿಕ್ ಸುತ್ತಿದ ಚೀಲಕ್ಕೆ ಇನ್ನೊಂದು ಗಂಟು ಬಿಗಿದ.

ಪುಣೆಯ ಮಾರ್ಕೆಟ್ ಯಾರ್ಡ್ ಹತ್ತಿರದ ಧರ್ಮಾಸ್ಪತ್ರೆಯ ಅಂಗಳದಲ್ಲಿ ಜೀಪು ಸಿದ್ಧವಾಗಿತ್ತು. ಚೀಲದಲ್ಲಿದ್ದದ್ದು ಊಟದ ಡಬ್ಬಿಯಷ್ಟು ದೊಡ್ಡದಾದ ಎರಡು ಪೆಟ್ಟಿಗೆ. ಬ್ಯಾಟರಿಯ ಮೇಲೆ ನಡೆದು, ಕಫದಲ್ಲಿ ಕ್ಷಯದ ರೋಗಾಣು ಇದೆಯೋ ಇಲ್ಲವೋ ಎಂದು ಗಂಟೆಯೊಳಗೆ ಹೇಳುವಂಥವು. ದೊಡ್ಡ ಲ್ಯಾಬೂ ಬೇಡ, ಕರೆಂಟೂ ಬೇಡ, ಬಡವರ ಆಸ್ಪತ್ರೆಗೂ ಕೈಗೆಟಕುವ ಬೆಲೆ. ಅವನ್ನು ನಡೆಸುವವಳು ಲ್ಯಾಬ್ ಟೆಕ್ನೀಶಿಯನ್ ರೇಣು. ಮನೆತನ ವಿಜಯಪುರದ ಕಡೆಯದು, ಬೆಳೆದದ್ದೆಲ್ಲ ಪುಣೆ. ಅಮರ ಆಸ್ಪತ್ರೆಯ ಡ್ರೈವರ್. ರವಿವಾರ ಬಂತೆಂದರೆ ಕೋಟೆ ಹತ್ತುವ ಹುಚ್ಚು. ದಾರಿ ತೋರಿಸಬೇಕಾದವನು ಯಾರ್ಡಿನಲ್ಲಿ ಮೂಟೆ ಹೊರುವ ಸಿದ್ರಾಮಪ್ಪ. ಚಳಿಗಾಲದಲ್ಲಿ ರಕ್ತ ಕೆಮ್ಮುತ್ತ ಬಂದಿದ್ದವನು, ಮಾತ್ರೆ ನುಂಗಿ ಈಗ ಮೈತುಂಬಿಕೊಂಡಿದ್ದ.

"ನನ್ನ ತಂಗಿ ರುದ್ರವ್ವಗೂ ಇದೇ ಕೆಮ್ಮ ಹತ್ತೇದಂತ್ರಿ ಅಕ್ಕಾರ," ಎಂದಿದ್ದ ಅವನು. "ಆಕಿನ್ನ ಗವಿಗೆ ಕಳಸ್ಯಾರ. ಗವಿಗೆ ಹೋದವ್ರು ಯಾರೂ ತಿರುಗಿ ಬಂದಿಲ್ರಿ."

ಆಕೆಯನ್ನು ಪರೀಕ್ಷಿಸಬೇಕು, ಜೀವಂತ ಕೆಳಗೆ ತರಬೇಕು. ಹೊರಟದ್ದು ಅದಕ್ಕೇ.

ಪುಣೆಯ ಪಶ್ಚಿಮಕ್ಕೆ ಡಾಂಬರು ಮುಗಿದ ಕಡೆ ಜೀಪು ನಿಂತಿತು. ಮುಂದೆ ಬರೀ ಕಾಲುದಾರಿ. ಕಾರವಿ ಪೊದೆಗಳ ನಡುವೆ ಕೆಸರು, ಕರಿಬಂಡೆಗಳ ಮೇಲಿಂದ ಸುರಿಯುವ ನೀರು, ಮಾರುದೂರದ ಮನುಷ್ಯನನ್ನೂ ನುಂಗುವ ಮಂಜು. ಹಿಂದೊಮ್ಮೆ ಅಣೆಕಟ್ಟಿಗೆ ಕಲ್ಲು ಒಡೆಯಲು ಕಲಬುರಗಿ ಕಡೆಯಿಂದ ಬಂದ ಕೆಲವು ಕುಟುಂಬಗಳು ಈ ಗುಡ್ಡದ ನೆತ್ತಿಯಲ್ಲೇ ಉಳಿದುಬಿಟ್ಟಿದ್ದವು. ಕೆಲಸ ಮುಗಿಯಿತು, ಕೂಲಿಗೆ ಕರೆತಂದಿದ್ದ ಮುಕಾದಮ ಹೋದ, ಇವರನ್ನು ಕರೆಯಲು ಯಾರೂ ಬರಲಿಲ್ಲ. ಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು.

ಅವರ ಪುಟ್ಟ ಹಳ್ಳಿ, ಆ ವಾಡಿ ತಲುಪಿದಾಗ ನಾಯಿಯೂ ಬೊಗಳಲಿಲ್ಲ.

"ಭಾಳ ತಡಾ ಮಾಡಿದಿ, ಸಿದ್ರಾಮ," ಎಂದರು ಹಿರಿಯ ಮಹದೇವಪ್ಪ. "ನಿನ್ನ ತಂಗಿಗೆ ಮಣ್ಣು ಕೊಟ್ಟು ಆತು."

ಸಿದ್ರಾಮಪ್ಪ ಕುಸಿದು ಕೂತ. ಆ ವಾಡಿಯ ಕಟ್ಟಳೆ ರೇಣುವಿಗೆ ತಿಳಿದದ್ದು ಆಗಲೇ. ಕೆಮ್ಮು ಹತ್ತಿದವರು ಹಳ್ಳದಾಚೆಯ ಗವಿಗೆ ಹೋಗಬೇಕು. ಬೆಳಿಗ್ಗೆ ಅವರು ಸುತ್ತಿಗೆಯಿಂದ ಬಂಡೆಗೆ ಹೊಡೆದ ಸದ್ದು ಕೇಳಿದರೆ ಜೀವ ಇದೆ ಎಂದರ್ಥ. ಗವಿಯ ಕೆಳಗಿನ ಚಪ್ಪಡಿಯ ಮೇಲೆ ರೊಟ್ಟಿ ಇಟ್ಟು ಬರುತ್ತಿದ್ದರು. ಸದ್ದು ನಿಂತರೆ ಒಳಗೆ ಹೋಗಿ ನೋಡುವವರಿಲ್ಲ. ಹುಲ್ಲಿನ ಗೊಂಬೆ ಮಾಡಿ ಈಚೆ ದಡದಲ್ಲೇ ಮಣ್ಣು ಮಾಡಿಬಿಡುತ್ತಿದ್ದರು.

"ಚಪ್ಪಡಿ ಮ್ಯಾಲ ಎಡಿ ಇಟ್ಟೆ," ಎಂದಳು ತಾಯಿ ದೇವೀರಮ್ಮ, ಮಗನ ಮುಖ ನೋಡದೆ. "ಕಾಗಿ ಮುಟ್ಟಲಿಲ್ಲ. ಬೆಳಗಾಗೂದ್ರಾಗ ಎಲಿ ಖಾಲಿ. ಆಮ್ಯಾಲ ಹಳ್ಳ ಬಂತು, ಆಚೆ ಹೋಗೂ ಹಂಗ ಇಲ್ಲ. ಆದ್ರ ಗವಿಯಾಗ ಕೆಮ್ಮು ಕೇಳ್ತದ. ನನ್ನ ಸತ್ತ ಮಗಳು ಕೆಮ್ತಾಳ."

ಮಂಜಿನಾಚೆಯಿಂದ ಆಗಲೇ ಅದು ಕೇಳಿಸಿತು. ಸಣ್ಣ, ಒಣ, ನಿಂತು ನಿಂತು ಬರುವ ಕೆಮ್ಮು. ಬಾಗಿಲುಗಳು ಪಟಪಟನೆ ಮುಚ್ಚಿದವು. ದಿನವೂ ಕೆಮ್ಮಿನ ನಡುವೆಯೇ ಕೆಲಸ ಮಾಡುವ ರೇಣುವೂ ಒಂದು ಹೆಜ್ಜೆ ಹಿಂದೆ ಸರಿದಳು.

"ದೆವ್ವಾ ಎಡಿ ತಿಂದು ಎಲಿ ಖಾಲಿ ಮಾಡ್ತಾವೇನ?" ಎಂದು ಅಮರ ಹಗ್ಗ ಬಿಚ್ಚಿದ. "ಸುತ್ತಿಗಿ ಎತ್ತಾಕ ಬಲ ಇಲ್ಲ ಆಕಿಗೆ. ಏಳೋ ಸಿದ್ರಾಮ!"

ಹಳ್ಳ ಕೆಂಪಗೆ ಉಕ್ಕುತ್ತಿತ್ತು.

ಅಮರ ಹಗ್ಗದ ತುದಿ ಸೊಂಟಕ್ಕೆ ಕಟ್ಟಿಕೊಂಡು ಇಳಿದ. ಎದೆಮಟ್ಟ ನೀರು. ಒಮ್ಮೆ ಮುಳುಗಿದ, ಎದ್ದ, ಆಚೆಯ ಮರಕ್ಕೆ ಹಗ್ಗ ಬಿಗಿದ. ಮಷಿನ್ ಈಚೆ ದಡದ ಅತ್ತಿಮರದ ಕೆಳಗೆ ಉಳಿಯಿತು. ರೇಣು, ಸಿದ್ರಾಮಪ್ಪ ಹಗ್ಗ ಹಿಡಿದು ದಾಟಿದರು.

ಗವಿಯ ಬಾಯಲ್ಲಿ ಊಟದ ತಾಟುಗಳು ಸಾಲಾಗಿ ಬೋರಲು ಬಿದ್ದಿದ್ದವು. ಒಂದೊಂದರ ಮೇಲೂ ಒಂದೊಂದು ಹೆಸರು ಕೊರೆದಿತ್ತು. ಅಷ್ಟು ಜನ ಇಲ್ಲಿ ಒಬ್ಬೊಬ್ಬರೇ ಕೆಮ್ಮಿ ಕೆಮ್ಮಿ ಹೋಗಿದ್ದರು. ರೇಣುವಿಗೆ ಅಳು ಬಂತು, ಸಿಟ್ಟೂ ಬಂತು. ಮಾಸ್ಕ್ ಬಿಗಿಮಾಡಿಕೊಂಡು ಒಳಗೆ ನುಗ್ಗಿದಳು.

ಮೂಲೆಯ ಕೌದಿಯಲ್ಲಿ ಎರಡು ಕಣ್ಣು ಹೊಳೆದವು.

"ಅಣ್ಣಾ," ಎಂದಿತು ಒಂದು ಪಿಸುದನಿ. "ನನಗ ಮಣ್ಣು ಕೊಟ್ರಂತಲ್ಲ? ಹಲಗಿ ಸದ್ದು ಕೇಳ್ತು. ಹಂಗಾರ ನಾ ಸತ್ತೀನೇನ?"

ಸಿದ್ರಾಮಪ್ಪ ಆಕೆಯ ಪಕ್ಕ ಮಂಡಿಯೂರಿದ. ತಂಗಿಯ ಮುಖಕ್ಕೆ ಮಾಸ್ಕ್ ಕಟ್ಟಿ, ಬೆನ್ನಿಗೆ ಹೊತ್ತು ನಡೆದ.

ನಡುನೀರಿನಲ್ಲಿ ಮರದ ದಿಮ್ಮಿಯೊಂದು ಉರುಳಿ ಬಂತು.

"ಸಿದ್ರಾಮ, ಬಗ್ಗು!" ಅಮರ ಕೂಗಿದ.

ದಿಮ್ಮಿ ಅಮರನ ಭುಜಕ್ಕೆ ಬಡಿಯಿತು. ಹಗ್ಗ ಕೈಜಾರಿತು. ರೇಣು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಜಗ್ಗಿದಳು. ಹೇಗೋ ಈಚೆ ದಡ ಮುಟ್ಟಿ ನಾಲ್ವರೂ ಕೆಸರಿನಲ್ಲಿ ಬಿದ್ದು ಉಸಿರು ಬಿಟ್ಟರು.

ತಲೆ ಎತ್ತಿದರೆ ಎದುರಿಗೆ ವಾಡಿಯ ಮಂದಿ, ಕೈಯಲ್ಲಿ ಬಡಿಗೆ.

"ಅದನ್ನ ವಾಪಸ್ ಬಿಡ್ರಿ," ಎಂದರು ಮಹದೇವಪ್ಪ. "ಮಣ್ಣು ಕೊಟ್ಟಾಕಿ ವಾಡಿಗೆ ಕಾಲಿಟ್ರ ಎಲ್ಲಾರೂ ಹೋಗ್ತೀವಿ."

ರೇಣುವಿನ ತಾಳ್ಮೆ ಹರಿಯಿತು. "ಜಡ್ಡು ಜೀವ ಇದ್ದವರಿಗೆ ಬರ್ತದ, ದೆವ್ವಕ್ಕಲ್ಲ. ಆಕಿ ಎದಿಯಾಗ ಜಡ್ಡು ಇದ್ರ ಈ ಮಷಿನ್ ಹೇಳ್ತದ. ನಿಮ್ಮ ಕಣ್ಮುಂದನ ನೋಡ್ತೀನಿ. ಅಲ್ಲೀತನಕ ಯಾರೂ ಮುಂದ ಬರಬ್ಯಾಡ್ರಿ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಪುಸ್ತಕದಲ್ಲಿ ಎಲ್ಲೂ ಇಲ್ಲದ ಪರೀಕ್ಷೆ ಇದು. ಕೆಮ್ಮೆಲ್ಲ ಕ್ಷಯವಲ್ಲ. ಬೇರೆ ಸೋಂಕಾಗಿದ್ದು ಮಷಿನ್ 'ಇಲ್ಲ' ಎಂದರೆ? ಈ ಜನ ರುದ್ರವ್ವನನ್ನು ಮತ್ತೆ ಹಳ್ಳಕ್ಕೆ ಅಟ್ಟುತ್ತಾರೆ.

ಗಾಳಿಗೆ ಬೆನ್ನು ಮಾಡಿ ರುದ್ರವ್ವ ಕಫ ಕೊಟ್ಟಳು. ಅಮರ ನೋಯುವ ಭುಜದ ಮೇಲೆಯೇ ತಾಡಪತ್ರಿ ಎತ್ತಿ ಹಿಡಿದ. ರೇಣು ದ್ರಾವಣ ಬೆರೆಸಿದಳು, ಮೊದಲ ಪೆಟ್ಟಿಗೆಗೆ ಹಾಕಿದಳು, ಅದು ಮುಗಿದ ಮೇಲೆ ಹನಿಯೊಂದನ್ನು ಪುಟ್ಟ ಪ್ಲಾಸ್ಟಿಕ್ ಚಿಪ್‌ಗೆ ಬಿಟ್ಟು ಎರಡನೆಯದಕ್ಕೆ ಸೇರಿಸಿದಳು. ಬ್ಯಾಟರಿಯ ದೀಪ ಕೆಂಪಾಯಿತು. ಮಳೆ ಸುರಿಯುತ್ತಲೇ ಇತ್ತು. ಅದರ ನಡುವೆ ಕೆಮ್ಮು ಕೇಳುತ್ತಿತ್ತು. ಯಾರ ಎದೆಯಲ್ಲೂ ಆ ಹಾಳು ರೋಗಾಣು ಇರದಿರಲಿ ಎಂದು ದಿನಾ ದೇವರಿಗೆ ಕೈಮುಗಿಯುವ ರೇಣು, ಅವತ್ತು 'ಇರಲಪ್ಪಾ, ಇರಲಿ' ಎಂದು ಬೇಡಿಕೊಂಡಳು.

ಮಷಿನ್ ಕುಯ್ಯೆಂದಿತು.

"ಅದ!" ರೇಣು ಚೀರಿದಳು. "ಟಿಬಿ ಅದ! ದೇವೀರಮ್ಮಾ, ನಿಮ್ಮ ಮಗಳು ಜೀವಂತ ಅದಾಳ್ರಿ!"

ಮಹದೇವಪ್ಪ ಬಡಿಗೆ ಇಳಿಸಲೂ ಇಲ್ಲ, ಎತ್ತಲೂ ಇಲ್ಲ. ದೇವೀರಮ್ಮ ಮಾತ್ರ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಮಗಳ ಪಾದ ಮುಟ್ಟಿದಳು, ಕೈ ಸುಟ್ಟವಳಂತೆ ತೆಗೆದಳು.

"ಜ್ವರ ಅದ," ಎಂದಳು. "ಮೈ ಬಿಸಿ ಅದ." ಆಮೇಲೆ ಅಲ್ಲೇ ಕೂತು ಎದೆ ಬಡಿದುಕೊಂಡು ಅತ್ತಳು.

ಅವತ್ತೇ ಇಳಿದರು. ರುದ್ರವ್ವ ಅಣ್ಣನ ಬೆನ್ನ ಮೇಲೆ, ಮಷಿನ್ ರೇಣುವಿನ ಬೆನ್ನ ಮೇಲೆ. ಕರೆಯದಿದ್ದರೂ ದೇವೀರಮ್ಮ ದೂರದಿಂದ ಹಿಂಬಾಲಿಸಿದಳು. ಮಗಳ ಕಣ್ಣಿಗೆ ಬೀಳಲು ಅಂಜಿಕೆ. ಜೀಪಿನಲ್ಲಿ ರುದ್ರವ್ವನನ್ನು ತೆರೆದ ಕಿಟಕಿಯ ಪಕ್ಕ ಕೂರಿಸಿದರು. ಔಷಧಿ ಬಿಡದೆ ತೊಗೊಂಡರೆ ಬದುಕುತ್ತಾಳೆ ಎಂದು ರೇಣು ಹೇಳಿದಳು. ದೇವೀರಮ್ಮ ಹಿಂದಿನ ಸೀಟಿನ ತುದಿಯಲ್ಲಿ ಮುದುಡಿ ಕೂತಳು.

ಘಾಟಿನ ಕೆಳಗಿನ ಚಹಾದಂಗಡಿಯವನು ಜೀಪಿನ ಹತ್ತಿರ ಬಂದು, ಎಷ್ಟು ಚಹಾ ಎಂದು ಮರಾಠಿಯಲ್ಲಿ ಕೇಳಿದ. ಅಮರ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದನಿ ಬಂತು.

"ಪಾಚ್ ದ್ಯಾ," ಎಂದಳು ದೇವೀರಮ್ಮ, ಐದೂ ಬೆರಳು ತೋರಿಸುತ್ತ. ಆಮೇಲೆ ಮಗಳ ಕಡೆ ತಿರುಗಿ, "ನಿನಗ ಸಕ್ರಿ ಜಾಸ್ತಿ ಹಾಕಸ್ಲೇನ?" ಎಂದು ಕೇಳಿದಳು.