ಹೋರಿಗಳ ನಡುವೆ ಸಿಕ್ಕ ಡಬ್ಬಿ

ಸೋಮವಾರ ಬೆಳಿಗ್ಗೆ 10.20ಕ್ಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದ ಮುಖ್ಯ ವೈದ್ಯೆ ಠಾಣೆಗೆ ಬಂದು, ತಮ್ಮ ಶೈತ್ಯಾಗಾರದಿಂದ ಒಂದು ಪುಟ್ಟ ಡಬ್ಬಿ ಕಳವಾಗಿದೆ ಎಂದು ದೂರು ಕೊಟ್ಟರು. ಅದರಲ್ಲಿ ಏನಿತ್ತು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಒಬ್ಬ ಹೆಣ್ಣುಮಗಳ ಅಂಡಾಶಯದ ತುಣುಕುಗಳು ಎಂದರು ವೈದ್ಯೆ. ದೂರು ಬರೆದುಕೊಳ್ಳುತ್ತಿದ್ದ ಪೇದೆಯ ಪೆನ್ನು ಅಲ್ಲಿಗೇ ನಿಂತಿತು.

ವೈದ್ಯೆ ಬಿಡಿಸಿ ಹೇಳಿದರು. ಹನ್ನೆರಡು ವರ್ಷದ ಹಿಂದೆ ಹದಿನೈದರ ಹುಡುಗಿಯೊಬ್ಬಳಿಗೆ ಕ್ಯಾನ್ಸರ್ ಬಂದಿತ್ತು. ಔಷಧದಿಂದ ಮುಂದೆ ಮಕ್ಕಳಾಗದೆ ಹೋಗಬಹುದೆಂದು, ಚಿಕಿತ್ಸೆಗೆ ಮೊದಲೇ ಆ ತುಣುಕುಗಳನ್ನು ತೆಗೆದು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟರು. ಹುಡುಗಿ ಗೆದ್ದಳು. ಈಗ ಮದುವೆಯಾಗಿದೆ, ಮಗು ಬೇಕೆಂದು ಇಂದು ಬೆಳಿಗ್ಗೆ ಬಂದಿದ್ದಾಳೆ. ತುಣುಕುಗಳನ್ನು ಮತ್ತೆ ಒಳಗೆ ಕೂರಿಸಿದರೆ ಆಸೆಯುಂಟು, ಬೇರೆ ದಾರಿಯಿಲ್ಲ.

11 ಗಂಟೆಗೆ ಎಫ್‌ಐಆರ್ ದಾಖಲಾಯಿತು. 11.40ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ವೈದ್ಯೆಯ ಬಳಿ, ಮತ್ತು ಶುಕ್ರವಾರ ಸಂಜೆ ರಜೆ ಹಾಕಿ ಹೋಗಿದ್ದ ಹಿರಿಯ ತಂತ್ರಜ್ಞೆಯ ಬಳಿ. ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಮೂರು ಪತ್ರಕ್ಕೂ ಉತ್ತರಿಸದವರ ಮಾದರಿಗಳನ್ನು ಮಂಗಳವಾರ ನಾಶಮಾಡಬೇಕೆಂಬ ಪಟ್ಟಿ ಅದು. ಕಳೆದುಹೋದ ಡಬ್ಬಿಯ ಸಂಖ್ಯೆಯೂ ಅದರಲ್ಲಿತ್ತು.

“ಪತ್ರ ಯಾವ ವಿಳಾಸಕ್ಕೆ ಹಾಕಿದ್ರಿ?” ಎಂದರು ಇನ್ಸ್‌ಪೆಕ್ಟರ್.

“ಆಗ ಬರೆದುಕೊಟ್ಟ ವಿಳಾಸಕ್ಕೆ.”

“ಹನ್ನೆರಡು ವರ್ಷದ ಹಿಂದಿನದಕ್ಕಾ?”

ಹೌದು ಎಂದರು, ಅಷ್ಟೆಲ್ಲ ಓದಿದ ವೈದ್ಯೆ.

ಈ ಮಾಲನ್ನು ಕದ್ದವರು ಬೀರುವಿನಲ್ಲಿ ಬಚ್ಚಿಡುವಂತಿಲ್ಲ. ಊರಲ್ಲಿ ದ್ರವ ಸಾರಜನಕ ಇನ್ನೆಲ್ಲಿದೆ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಮನೆಯಲ್ಲಿ ಹಸು ಸಾಕಿದ್ದ ಪೇದೆ ಗಂಟಲು ಸರಿಮಾಡಿಕೊಂಡು, ಪಶು ಆಸ್ಪತ್ರೆಯಲ್ಲಿ ಹೋರಿಯ ವೀರ್ಯ ಇಡುವುದೂ ಅದರಲ್ಲೇ ಎಂದ. ಹೇಳಿ ಮುಗಿಸುವಷ್ಟರಲ್ಲಿ ನಾಚಿ ನೀರಾಗಿದ್ದ.

1.15ಕ್ಕೆ ಪಶು ಆಸ್ಪತ್ರೆಯಲ್ಲಿ ಪಶುವೈದ್ಯ ಸಾರಜನಕದ ಕೊಳಗದ ಮುಚ್ಚಳ ತೆಗೆದ. ಆತ ತಂತ್ರಜ್ಞೆಯ ತಮ್ಮ. ಅಕ್ಕ ಇಡು ಅಂದಳು, ಇಟ್ಟೆ, ಅಷ್ಟೇ ಗೊತ್ತು ಎಂದ. ಹುಟ್ಟಿದಾಗಿನಿಂದ ಅಕ್ಕನಿಗೆ ಎದುರಾಡಿದವನಲ್ಲವಂತೆ. ಹೆಸರಾಂತ ಹೋರಿಗಳ ನಡುವೆ ಡಬ್ಬಿ ಹಾಯಾಗಿ ಕುಳಿತಿತ್ತು. ವೈದ್ಯೆ ಮೊಹರು, ಸಂಖ್ಯೆ, ಸಾರಜನಕದ ಮಟ್ಟ ನೋಡಿ, ಒಂದಿಷ್ಟೂ ಕೆಟ್ಟಿಲ್ಲ ಎಂದವರೇ ಪೇದೆಯ ಎರಡೂ ಕೈ ಹಿಡಿದು ಕುಲುಕಿದರು. ಠಾಣೆಯಲ್ಲಿ ಇಡಲು ಮಡಕೆ ನೀರಿಗಿಂತ ತಣ್ಣಗಿನದೇನೂ ಇರಲಿಲ್ಲವಾಗಿ, ಜಪ್ತಿ ಮಾಡಿದ ಮಾಲನ್ನು ವೈದ್ಯೆಯ ವಶಕ್ಕೇ ಕೊಡಲಾಯಿತು.

2.30ಕ್ಕೆ ತಂತ್ರಜ್ಞೆಯ ಮನೆ. ಮೇಜಿನ ತುಂಬ ಹಳೆಯ ದೂರವಾಣಿ ಪುಸ್ತಕಗಳು, ಗೀಚಿ ಹೊಡೆದುಹಾಕಿದ ವಿಳಾಸಗಳು.

“ಡಬ್ಬಿ ತೆಗೆದದ್ದು ನೀವೇನಾ?”

“ಹೌದು. ಒಂದು ವಾರ ತಡೀರಿ, ಹುಡುಕ್ತೀನಿ ಅಂದೆ. ನಿಯಮ ನಿಯಮಾನೇ ಅಂದ್ರು ಡಾಕ್ಟ್ರು. ಮೂರು ದಿನದಿಂದ ಹುಡುಕ್ತಾನೇ ಇದೀನಿ, ಆ ಮಗು ಸಿಗ್ತಿಲ್ಲ.”

“ಅವಳೇ ಬಂದಿದಾಳೆ. ಮಗು ಬೇಕಂತೆ.”

ಆಕೆ ಕುರ್ಚಿಯಲ್ಲಿ ಕುಸಿದು ನಕ್ಕಳು, ನಗುತ್ತಲೇ ಅತ್ತಳು. ಇನ್ಸ್‌ಪೆಕ್ಟರಿಗೂ ಕಣ್ಣು ತುಂಬಿತು. 2.50ಕ್ಕೆ ದಸ್ತಗಿರಿ.

ಹೇಳಿಕೆಯಲ್ಲಿ ಕಾರಣ ಎರಡೇ ಸಾಲು: ಆಪರೇಷನ್‌ಗೆ ಕರೆದೊಯ್ಯುವಾಗ ಆ ಹುಡುಗಿ ನನ್ನ ಕೈ ಬಿಡಲಿಲ್ಲ, ‘ನನ್ನದನ್ನ ನೀವು ನೋಡ್ಕೋತೀರಾ’ ಅಂದಳು. ಹೂಂ ಅಂದಿದ್ದೆ.

ಸಂಜೆ 5.10ಕ್ಕೆ ಜಾಮೀನು. ವೈದ್ಯೆಯಿಂದ ವಿಷಯ ತಿಳಿದು ಸಹಿ ಹಾಕಲು ಓಡಿಬಂದವಳು ಅದೇ ಹುಡುಗಿ. ಆರೋಪಿಗೂ ನಿಮಗೂ ಏನು ಸಂಬಂಧ ಎಂದು ಪೇದೆ ಕೇಳಿದ. ಅವಳು ಬೆಂಚಿನ ಮೇಲಿದ್ದ ತಂತ್ರಜ್ಞೆಯತ್ತ ನೋಡಿದಳು.

“ದೊಡ್ಡಮ್ಮ ಅಂತ ಬರ್ಕೊಳ್ಳಿ.”

ಪೇದೆ ಇನ್ಸ್‌ಪೆಕ್ಟರರ ಮುಖ ನೋಡಿದ. ಅವರು ತಲೆಯಾಡಿಸಿದರು. ಆತ ಹಾಗೆಯೇ ಬರೆದುಕೊಂಡ.