ಡೊಂಕನ ಕೊರಳಪಟ್ಟಿ

ಏಳು ಬೆಟ್ಟಗಳ ಆಚೆ, ಬಹಳ ಬಹಳ ಹಿಂದೆ, ಹೊನ್ನಗಿರಿ ಎಂಬ ರಾಜ್ಯದಲ್ಲಿ ಒಬ್ಬ ಯುವರಾಜನಿದ್ದ. ಹೆಸರು ವೀರಮಾರ್ತಾಂಡ. ಹೆಸರು ಕೇಳಿ ಹೆದರಬೇಡಿ. ಎಡಗಾಲಿನ ಜೋಡು ಯಾವುದು, ಬಲಗಾಲಿನದು ಯಾವುದು ಎಂಬುದರಲ್ಲೂ ಅವನಿಗೆ ಗೊಂದಲ.

ಒಂದು ದಿನ ಮಂಕುಬೂದಯ್ಯನೆಂಬ ಮಾಂತ್ರಿಕ ಅವನ ತಂಗಿ ಪದ್ಮಲೆಯನ್ನು ಹೊತ್ತೊಯ್ದು ಮಂಜಿನ ಗವಿಗೆ ತಳ್ಳಿಬಿಟ್ಟ. ಯುವರಾಜ ತನ್ನ ನಾಯಿ ಡೊಂಕನ ಜೊತೆ ಗವಿಯ ಬಾಗಿಲಿಗೆ ಓಡೋಡಿ ಬಂದ.

“ನಿನ್ನ ನಾಯಿ ಮೂರು ಮಾತು ಕೇಳಿದರೆ ತಂಗಿ ನಿನ್ನವಳು. ಒಂದು ತಪ್ಪಿದರೂ ನಾಯಿಯೂ ಗವಿಯ ಪಾಲು,” ಎಂದ ಮಾಂತ್ರಿಕ. ಒಂದು ಕೊರಳಪಟ್ಟಿಯನ್ನೂ ಹಸಿರು ಹರಳಿನ ಉಂಗುರವನ್ನೂ ಕೊಟ್ಟ. “ಹರಳು ಒತ್ತಿದರೆ ನಾಯಿ ಎಷ್ಟು ದೂರವಿದ್ದರೂ ಅದರ ಕೊರಳು ಜುಮ್ಮೆನ್ನುತ್ತದೆ. ಸಂಜೆಯೊಳಗೆ ಕಲಿಸಿಕೋ.”

ಪಟ್ಟಿಯನ್ನು ಡೊಂಕನಿಗೆ ಕಟ್ಟಿ, “ಕೂರು!” ಎಂದು ವೀರಮಾರ್ತಾಂಡ ಹರಳು ಅದುಮಿದ. ಡೊಂಕ ಕುಂಯ್ಗುಟ್ಟಿ ಕೂತಿತು. ಯುವರಾಜ ಸಂತೋಷಕ್ಕೆ ಇನ್ನೂ ಜೋರಾಗಿ ಅದುಮಿದ. ಡೊಂಕ ನೆಗೆದೆದ್ದು, ಕೂತದ್ದು ತಪ್ಪೋ ಎದ್ದದ್ದು ತಪ್ಪೋ ತಿಳಿಯದೆ ಒಡೆಯನ ಮುಖ ನೋಡಿತು. ಒಡೆಯನಿಗೂ ತಲೆಬುಡ ತಿಳಿಯಲಿಲ್ಲ.

ಕೊನೆಗೆ ಯುವರಾಜ ಪಟ್ಟಿಯನ್ನು ತನ್ನ ಕೊರಳಿಗೇ ಕಟ್ಟಿಕೊಂಡು ಹರಳು ಒತ್ತಿದ. “ಅಯ್ಯಯ್ಯೋ!” ಕಣ್ಣಲ್ಲಿ ನೀರು ಬಂತು. ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು. ಆಮೇಲೆ ಪಟ್ಟಿಯನ್ನು ಮತ್ತೆ ಡೊಂಕನಿಗೆ ಕಟ್ಟಿ, ಭುಜ ತಟ್ಟಿ ಕರೆದಷ್ಟು ಮೆಲ್ಲಗೆ ಹರಳು ಮುಟ್ಟಿದ. ನಾಯಿ ಕೂತ ಕೂಡಲೇ ಬೆರಳು ತೆಗೆದು ರೊಟ್ಟಿಚೂರು ಕೊಟ್ಟ. ಡೊಂಕನಿಗೂ ವಿಷಯ ಹೊಳೆಯಿತು.

ಸಂಜೆ ಮಾಂತ್ರಿಕ ಬಂದ. “ಮೊದಲು ಕೂರಿಸು.”

ಡೊಂಕ ಕೂತಿತು.

“ಈಗ ‘ನಿಲ್ಲು’ ಅನ್ನು.”

ಯುವರಾಜ ಬೆವರಿದ. ನಿಲ್ಲು ಎಂದರೆ ಎದ್ದು ನಿಲ್ಲಬೇಕೋ, ಅಲುಗದೆ ಇದ್ದಲ್ಲೇ ಇರಬೇಕೋ? ಮಾಂತ್ರಿಕ ಮೀಸೆಯಡಿ ನಗುತ್ತಿದ್ದ. “ನಿಲ್ಲು ಡೊಂಕಾ!” ಎಂದುಬಿಟ್ಟ ಯುವರಾಜ. ನಾಯಿ ಎದ್ದು ನಿಂತಿತು, ನಿಂತಲ್ಲೇ ನಿಂತಿತು. ಯಾವ ಅರ್ಥ ಹಿಡಿದರೂ ತಪ್ಪು ಸಿಗದೆ ಮಾಂತ್ರಿಕ ಹಲ್ಲು ಕಡಿದ.

“ಕೊನೆಯದು. ಗವಿಗೆ ಹೊಕ್ಕು ತಂಗಿಯನ್ನು ಕರೆತರಲಿ. ‘ಹೋಗು’ ಅನ್ನು, ಸಾಕು.”

ಆ ಗವಿಯ ಮಾಯೆ ಇಷ್ಟೇ: ಬಾಗಿಲಲ್ಲಿ ಆಡಿದ ಮಾತು ಒಳಗೆ ಹಾಗೇ ನಡೆಯುತ್ತಿತ್ತು. ‘ಹೋಗು’ ಎಂದು ಮಾಂತ್ರಿಕ ತಳ್ಳಿದ್ದ ಪದ್ಮಲೆ ಮಂಜಿನಲ್ಲಿ ಇನ್ನೂ ಹೋಗುತ್ತಲೇ ಇದ್ದಳು. ಯುವರಾಜನಿಗೆ ಇದೇನೂ ಗೊತ್ತಿಲ್ಲ. ಅವನು ನಾಯಿಯ ತಲೆ ಸವರಿ, “ಹುಷಾರಾಗಿ ಹೋಗಿ ಬಾ, ಮರಿ,” ಎಂದ.

ಡೊಂಕ ಹೋಯಿತು. ಮಂಜಿನಲ್ಲಿ ಕಾಣದಾಯಿತು. ‘ಇಲ್ಲೇ ಇದ್ದೇನೆ’ ಎನ್ನುವಂತೆ ಯುವರಾಜ ಹರಳನ್ನು ಮೆಲ್ಲಗೆ ಮುಟ್ಟಿದ. ಮಂಜು ಕದಲಿತು. ಡೊಂಕ ಬಂತು, ಅದರ ಕೊರಳಪಟ್ಟಿ ಹಿಡಿದು ಪದ್ಮಲೆಯೂ ಬಂದಳು.

“ಅಣ್ಣಾ, ಕಾಲು ನಿಲ್ಲುತ್ತಲೇ ಇರಲಿಲ್ಲ ಕಣೋ!” ಎಂದು ಅತ್ತಳು.

“ನಾಯಿಗೆ ಬಾ ಅಂತ ಯಾರು ಹೇಳಿದ್ದು?” ಮಾಂತ್ರಿಕ ಕೂಗಾಡಿದ.

“ನಾನೇ ಸ್ವಾಮಿ.” ಯುವರಾಜ ಕಣ್ಣು ಪಿಳಿಪಿಳಿ ಬಿಟ್ಟ. “ಮನೆಯವರಿಗೆ ಯಾರಾದರೂ ಬರೀ ಹೋಗು ಅಂತಾರೆಯೇ?”

“ನನ್ನ ಗವಿಯನ್ನೇ ಕೆಡಿಸಿದೆಯಾ! ಏನಾಗಿದೆಯೋ ನೋಡಬೇಕು. ಹೋಗುತ್ತೇನೆ!” ಎಂದು ಮಾಂತ್ರಿಕ ಸಿಟ್ಟಿನ ಭರದಲ್ಲಿ ಒಳನುಗ್ಗಿದ. ಬರುತ್ತೇನೆ ಎನ್ನಲಿಲ್ಲ. ಬರಲೂ ಇಲ್ಲ.

ಅಣ್ಣ, ತಂಗಿ, ಡೊಂಕ, ಹೊನ್ನಗಿರಿಯ ಸಮಸ್ತರೂ ಬಹುಕಾಲ ಉಂಡುಟ್ಟು ಸುಖವಾಗಿದ್ದರು. ಮಾಂತ್ರಿಕನನ್ನು ಸೋಲಿಸಿದ್ದು ಹೇಗೆಂದು ಯಾರಾದರೂ ಕೇಳಿದರೆ ವೀರಮಾರ್ತಾಂಡ ತಲೆ ಕೆರೆದುಕೊಂಡು ಹೇಳುತ್ತಿದ್ದ: “ನಾನೆಲ್ಲಿ ಸೋಲಿಸಿದೆ? ಅವನೇ ಹೋದ.”