ಕಿಟಕಿ ಗೋಡೆಯ ಹಲಗೆ

"ಕಾರ್ಪೆಟ್ ಮೊದಲು ಹಾಸ್ತೀನಿ, ಆಮೇಲೆ ಹಲಗೆ ಹೊಡಿ ಅಂತ ಬಡ್ಕೊಂಡೆ. ಕೇಳಿದ್ಯಾ? ನಿನ್ನ ಹಠಕ್ಕೆ ಟೀಚರಮ್ಮ ಹೋದ್ರು!"

"ಬಾಯಿ ಮುಚ್ಚೋ! ಇಪ್ಪತ್ತು ವರ್ಷದಿಂದ ಹೇಳ್ತಿದೀನಿ. ಗೋಡೆ ಬುಡಕ್ಕೆ ಹಲಗೆ ಮೊದಲು, ನೆಲದಿಂದ ಅರ್ಧ ಇಂಚು ಮೇಲೆ. ಆ ಸಂದಿಗೆ ಕಾರ್ಪೆಟ್ ಅಂಚು ತುರುಕೋದು ನಿನ್ನ ಕೆಲಸ. ನಾಯಿ ಬಾಲ ಕೂಡ ನೆಟ್ಟಗಾಗ್ಬಹುದು, ನಿನ್ನ ತಲೆಗೆ ಇದು ಹೋಗಲ್ಲ."

"ಹೌದಪ್ಪಾ, ನೀನೇ ಜಾಣ. ಮಿಕ್ಕ ಹಲಗೆ ಮೆಟ್ಟಿಲ ಮೇಲೆ ಎಸೆದು ಹೋಗೋದನ್ನ ಯಾರು ಕಲಿಸಿದ್ರು ನಿಂಗೆ?"

ತಮ್ಮನ ಈ ಮಾತಿಗೆ ಅಣ್ಣ ಮುಖ ತಿರುಗಿಸಿದ. ಅವನು ಬಡಗಿ, ತಮ್ಮ ಕಾರ್ಪೆಟ್ ಹಾಸುವವನು; ಇಬ್ಬರ ಸಾಮಾನೂ ಅಣ್ಣನ ಅಂಗಡಿಯಲ್ಲೇ. ಹನ್ನೆರಡು ದಿನದ ಹಿಂದೆ, ನಿವೃತ್ತ ಟೀಚರಮ್ಮನ ಮನೆಯ ಮಹಡಿ ಕೋಣೆಗೆ ಅವನು ಐದು ಹಲಗೆ ಒಯ್ದಿದ್ದ. ನಾಲ್ಕು ಗೋಡೆಗೆ ನಾಲ್ಕು, ಹೆಚ್ಚಿಗೆ ಇರಲೆಂದು ಒಂದು. ಮೂರು ಗಂಟೆಗೆ ಕೆಲಸ ಮುಗಿಸಿ ಹೊರಟ. ತಮ್ಮ ಬಂದು ಕಾರ್ಪೆಟ್ ಹಾಸಿದ. ಸಂಜೆ ಟೀಚರಮ್ಮ ಮೆಟ್ಟಿಲ ಮೇಲೆ ಬಿದ್ದಿದ್ದ ಹಲಗೆ ತುಳಿದು ಜಾರಿ ಬಿದ್ದರು. ಕೆಲಸದಿಂದ ಮರಳಿದ ಮಗಳು ಬಾಗಿಲು ತೆರೆದಾಗ ಉಸಿರಿರಲಿಲ್ಲ. ತಾನು ಬಂದಾಗಲೇ ಹಲಗೆ ಅಲ್ಲಿತ್ತು ಎಂದ ತಮ್ಮ. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಊರಿನವರು ಬಡಗಿಯ ಹೆಸರು ಬರೆದುಕೊಂಡರು.

ಐದನೇ ಹಲಗೆ ಎಲ್ಲಿಟ್ಟೆ ಎಂಬುದು ಅವನಿಗೆ ಎಷ್ಟು ತಿಣುಕಿದರೂ ನೆನಪಾಗುತ್ತಿರಲಿಲ್ಲ. ಅದೇ ಅವನನ್ನು ಗೆದ್ದಲಿನಂತೆ ತಿನ್ನುತ್ತಿತ್ತು. ಉಳಿ ಹಿಡಿಯುವುದನ್ನೇ ಬಿಟ್ಟಿದ್ದ. ಕೊನೆಗೆ ಭೂತಗನ್ನಡಿ ಮಾವನ ಅಂಗಡಿಗೆ ಬಂದಿದ್ದ; ತಮ್ಮನೂ ಜಗಳವಾಡುತ್ತಲೇ ಹಿಂದೆ ಬಂದಿದ್ದ. ಮಾವ ಗಡಿಯಾರ ರಿಪೇರಿಯವನು. ಊರಿನ ಎಷ್ಟೋ ಕಳ್ಳತನ, ಮೋಸ ಪತ್ತೆ ಮಾಡಿದವನು. ಆಗೆಲ್ಲ ಏಣಿ, ಟಾರ್ಚು ಹೊತ್ತು ಹಿಂದೆ ಹೋಗುತ್ತಿದ್ದವನು ಈ ಬಡಗಿಯೇ.

"ನಾನೇ ಕೊಂದೆನಾ ಮಾವ? ಅಷ್ಟು ಹೇಳಿಬಿಡು. ಹೌದು ಅಂದ್ರೂ ಸೈ."

ಮಾವ ಕಣ್ಣಿನ ಗಾಜು ತೆಗೆದ. "ಇಬ್ಬರೂ ನಡೀರಿ."

ಮಗಳು ಬಾಗಿಲು ತೆರೆದಳು. ಬಡಗಿಯ ಮುಖ ನೋಡಲಿಲ್ಲ. ಆ ಹಲಗೆ ಇನ್ನೂ ಮೆಟ್ಟಿಲ ಕೆಳಗೇ ಇತ್ತು. ಮಾವ ಅದನ್ನು ಮಗುಚಿದ. ಒಂದು ತುದಿ ಸೀಳಿತ್ತು. ನಾಲ್ಕು ಮೊಳೆ ತೂತು. ಬೆನ್ನಿಗೆ ಅಂಟಿದ್ದ ನೀಲಿ ಬಣ್ಣದ ಚಕ್ಕೆಯೊಂದನ್ನು ಉಗುರಿನಿಂದ ಕೆರೆದು ನೋಡಿದ.

ಮೇಲೆ ಕೋಣೆಯಲ್ಲಿ ಗೋಡೆಗಳಿಗೆಲ್ಲ ಅದೇ ನೀಲಿ. ಮೂರು ಗೋಡೆಯ ಬುಡದಲ್ಲಿ ಕಾರ್ಪೆಟ್ ಅಂಚು ಹಲಗೆಯ ಕೆಳಗೆ ಅಡಗಿತ್ತು. ಕಿಟಕಿ ಗೋಡೆಯಲ್ಲಿ ಮಾತ್ರ ಹಲಗೆ ಕಾರ್ಪೆಟ್ಟಿನ ಮೇಲೆ ಕೂತಿತ್ತು.

"ನಾನು ಹೀಗೆ ಹೊಡೆಯಲ್ಲ," ಎಂದ ಬಡಗಿ. ಆ ದಿನದಿಂದ ಅವನು ಈ ಮೆಟ್ಟಿಲು ಹತ್ತಿರಲಿಲ್ಲ.

"ಕೀಳು ಅದನ್ನ."

ಕಿತ್ತ. ಗೋಡೆಯಲ್ಲಿ ಹೊಸ ತೂತುಗಳ ಪಕ್ಕದಲ್ಲಿ ಹಳೆಯ ತೂತು ನಾಲ್ಕು. ಮಾವ ಕಾರ್ಪೆಟ್ ಅಂಚು ಹಿಂದಕ್ಕೆ ಮಡಚಿ, ಕೆಳಗಿನಿಂದ ತಂದ ಹಲಗೆ ಇಟ್ಟ. ತೂತಿಗೆ ತೂತು ಕೂಡಿತು.

"ಕೇಳಮ್ಮ," ಎಂದು ಮಗಳ ಕಡೆ ತಿರುಗಿದ. "ಮಿಕ್ಕ ಹಲಗೆಗೆ ಮೊಳೆ ತೂತು ಯಾಕಿರತ್ತೆ? ಗೋಡೆಯ ಬಣ್ಣ ಯಾಕೆ ಮೆತ್ತಿರತ್ತೆ? ನಿಮ್ಮಮ್ಮ ತುಳಿದಿದ್ದು ಮಿಕ್ಕಿದ್ದಲ್ಲ. ಬಡಗಿ ಇಲ್ಲಿ ಹೊಡೆದು ಹೋಗಿದ್ದು. ಅವನು ಹೋದ ಮೇಲೆ ಯಾರೋ ಕಿತ್ತಿದಾರೆ. ಕೀಳುವಾಗ ಸೀಳಿದೆ. ಸೀಳಿದ್ದನ್ನ ಆಚೆ ಹಾಕಿ, ಕಾರ್ಪೆಟ್ ಹಾಸಿ, ಅದರ ಮೇಲೆ ಐದನೇ ಹಲಗೆ ಹೊಡೆದಿದಾರೆ. ಮೊದಲು ಕಾರ್ಪೆಟ್, ಆಮೇಲೆ ಹಲಗೆ. ಹಾಗೆ ಮಾಡೋನು ಯಾರು? 'ನಾನು ಬಂದಾಗಲೇ ಮೆಟ್ಟಿಲ ಮೇಲೆ ಹಲಗೆ ಇತ್ತು' ಅಂತ ನಿಂಗೆ ಹೇಳಿದೋನು ಯಾರು?"

ತಮ್ಮ ಗೋಡೆಗೆ ಒರಗಿದ. "ಕೆಳಗೆ ಒಯ್ಯೋಣ ಅಂತ ಮೆಟ್ಟಿಲ ಮೇಲೆ ಇಟ್ಟಿದ್ದೆ. ಮರೆತುಹೋಯ್ತು."

"ಹನ್ನೆರಡು ದಿನ ಕಣೋ!" ಬಡಗಿ ಅವನ ಅಂಗಿ ಹಿಡಿದ. "ಹನ್ನೆರಡು ದಿನ ನನ್ನ ಮೇಲೆ ಹೆಣ ಹೊರಿಸ್ದೆ! ಅರ್ಧ ಇಂಚು ಬಿಟ್ಟಿದ್ನಲ್ಲೋ, ಯಾಕೋ ಕಿತ್ತೆ?"

"ಬಿಡು ಅವನನ್ನ," ಎಂದ ಮಾವ. ಹಳೆಯ ತೂತಿಗೆ ಕೂಡಿಸಿದ್ದ ಹಲಗೆಯ ಕೆಳಗೆ ಪೆನ್ಸಿಲ್ ತುರುಕಿ ನೋಡಿದ. ಹೋಗಲಿಲ್ಲ. "ಕಿಟಕಿ ಕಡೆ ನೆಲ ಉಬ್ಬಿದೆ. ನೀನು ದಾರ ಹಿಡಿದು ನೇರ ನೋಡ್ದೆ. ಬಗ್ಗಿ ನೆಲ ನೋಡಲಿಲ್ಲ. ಕಾರ್ಪೆಟ್ ತುರುಕೋಕೆ ಇಲ್ಲಿ ಸಂದಿಯೇ ಇರಲಿಲ್ಲ ಕಣಯ್ಯ. ಕೊಂದೆನಾ ಅಂತ ಕೇಳಿದ್ಯಲ್ಲ. ಮೆಟ್ಟಿಲ ಮೇಲೆ ಇಟ್ಟಿದ್ದು ನೀನಲ್ಲ. ಅಷ್ಟೇ ನಾನು ಹೇಳಬಲ್ಲೆ."

ಬಡಗಿಯ ಕೈ ತಾನಾಗಿ ಸಡಿಲವಾಯಿತು. "ಬಂದು ಕೇಳಬಹುದಿತ್ತಲ್ಲೋ. ಎರಡು ಬೀದಿ ಆಚೆ ಇದ್ದೆ."

"ಕೇಳಿದ್ರೆ ನಗ್ತಿದ್ದೆ. ಬೀದಿಯವರನ್ನೆಲ್ಲ ಕರೆದು ನಗ್ತಿದ್ದೆ."

ನಿಜ, ಕೇಳಿದ್ದರೆ ಅಣ್ಣ ನಗುತ್ತಿದ್ದ; ಇಪ್ಪತ್ತು ವರ್ಷ ನಕ್ಕಿದ್ದ.

ಮಗಳು ಮೊದಲ ಸಲ ಬಾಯಿ ಬಿಟ್ಟಳು. "ಕಾರ್ಪೆಟ್ ಅಮ್ಮನ ಮಂಡಿಗೆ ಅಂತ ಹಾಕಿಸಿದ್ದು. ನೆಲ ತಣ್ಣಗಿರತ್ತೆ ಅಂತಿದ್ರು."

ತಮ್ಮ, ಚಪ್ಪಲಿಯನ್ನೂ ಮೆಟ್ಟದೆ ಇಳಿದು ಹೋದ. ಬಡಗಿ ಕೂಗಿ ಕರೆಯಬೇಕೆಂದುಕೊಂಡ. ಮೆಟ್ಟಿಲ ತುದಿಯವರೆಗೆ ಹೋದ. ಕೆಳಗೆ ಬಾಗಿಲು ಹಾಕಿಕೊಂಡಿತು.

ತಮ್ಮನ ಚೂರಿ, ಸುತ್ತಿಗೆ, ಮೊಣಕಾಲಿಗೆ ಕಟ್ಟುವ ದಪ್ಪ ಮೆತ್ತೆ ಇವತ್ತಿಗೂ ಅಣ್ಣನ ಅಂಗಡಿಯ ಗೂಟದಲ್ಲಿ ತೂಗುತ್ತಿವೆ. ಕೇಳಿಕೊಂಡು ಅವನೂ ಬರಲಿಲ್ಲ, ಅವನ ಕಡೆಯವರೂ ಬರಲಿಲ್ಲ.